ಬಿದರಿ ಹೂಜಿಗಿ ‘ಕಳಂಕ’ ಹತ್ತತದೇನ್ರಿ? ಸರಿ ಶಬ್ದ ಯಾವ್ದು ಹೇಳ್ರಿ

ಚೌಬಾರಾ ಹುಡುಗ (ಬೀದರ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದದ, ಆದ್ರ ಎರಡು ದಿನದಿಂದ ತಲಿ ತಿನ್ಲತ್ತದ. ನಮ್ಮ ಭಾವಂದು ಬಿದರಿ ಸಾಮಾನಿನ ಸಣ್ಣ ಅಂಗಡಿ ಅದ. ಡಬ್ಬಿ ಒಳಗ ಹಾಕಿ ಕೊಡ್ಲಿಕ್ಕ ಮೊನ್ನೆ ಒಂದು ಚೀಟಿ ಪ್ರಿಂಟ್ ಮಾಡಿಸಿದ್ರು, ಒಂದು ಕಡಿ ಇಂಗ್ಲಿಷು ಇನ್ನೊಂದು ಕಡಿ ಕನ್ನಡ. ಇಂಗ್ಲಿಷ್‌ದಾಗ ಇದು ಟಾರ್ನಿಶ್ ಆಗಂಗಿಲ್ಲ ಅಂತ ಇತ್ತು, ಕನ್ನಡಕ್ಕ ಭಾವ ಮೊಬೈಲಿಗಿ ಕೇಳ್ಯಾರ, ಮೊಬೈಲು ‘ಈ ವಸ್ತುವು ಕಳಂಕಗೊಳ್ಳುವುದಿಲ್ಲ’ ಅಂತ ಕೊಟ್ಟದ, ಇವರು ಹಿಂದ ಮುಂದ ನೋಡದೆ 500 ಚೀಟಿ ಹೊಡಿಸ್ಯಾರ.

ನಿನ್ನೆ ರಿಟೈರ್ ಆದ ಮಾಸ್ತರ್ ಒಬ್ಬರು ಮಗಳ ಮದುವಿಗಿ ಅಂತ ಹೂಜಿ ತಗೊಳ್ಲಿಕ್ಕ ಬಂದಿದ್ರು. ಚೀಟಿ ಓದಿ ಕನ್ನಡಕ ತೆಗದು ನನ್ನ ನೋಡಿ, ‘ತಮ್ಮಾ, ಕಳಂಕ ಹತ್ತೋದು ಚಂದ್ರಗ ಇಲ್ಲಂದ್ರ ಮನೆತನಕ್ಕ. ನಿಮ್ಮ ಹೂಜಿ ಯಾರ ಜೋಡಿ ಓಡಿ ಹೋಗಿತ್ತು?’ ಅಂದ್ರು. ಅಂಗಡ್ಯಾಗ ಇದ್ದ ಮಂದಿ ಎಲ್ಲಾ ನಕ್ಕರು, ಭಾವನ ಮುಖ ಹೂಜಿಗಿಂತ ಕಪ್ಪಾಯ್ತು.

ಈಗ ಕೇಳೋದು ಏನಂದ್ರ ಲೋಹ ತನ್ನ ಹೊಳಪು ಕಳಕೊಂಡು ಮ್ಯಾಲ ಏನೋ ಕೂಡ್ತದಲ್ಲ, ಅದಕ್ಕ ಕನ್ನಡದಾಗ ಏನಂತಾರ? ಕಿಲುಬು? ಜಂಗ? ಮಾಸು? ಮಂಕು? ಹೊಸ ಚೀಟಿ ಹೊಡಸಬೇಕು, ಲಗೂ ಹೇಳ್ರಿ.

ತೊಗರಿ ಬ್ಯಾಳಿ (ಕಲಬುರಗಿ)

ಯಾರ ಜೋಡಿ ಓಡಿ ಹೋಗಿತ್ತು 😂😂 ಮಾಸ್ತರಿಗೆ ನಮಸ್ಕಾರ ಹೇಳ್ರಿ

ಕಿಲುಬು ಅಂತ ಹಾಕ್ರಿ. ಇದರಾಗ ಚರ್ಚಾ ಏನದ?

ಚಾಮುಂಡಿ ಬೆಟ್ಟದ ಮೆಟ್ಟಿಲು (ಮೈಸೂರು)

ಕಿಲುಬು ಅಂದ್ರೆ ತಾಮ್ರ ಹಿತ್ತಾಳೆಗೆ ಹಿಡಿಯೋದು ಅಲ್ವಾ? ಹಸಿರು ಹಸಿರಾಗಿ. ಹಿತ್ತಾಳೆ ಪಾತ್ರೇಲಿ ಹುಳಿ ಇಟ್ರೆ ಕಿಲುಬು ಬರುತ್ತೆ ಅಂತ ನಮ್ಮಜ್ಜಿ ಬೈತಿದ್ರು. ಬಿದರಿ ಬೇರೆ ಲೋಹ ಇರಬೇಕು. ನಾನಾಗಿದ್ರೆ ‘ಹೊಳಪು ಮಾಸುವುದಿಲ್ಲ’ ಅಂತ ಬರೀತಿದ್ದೆ, ಸಿಂಪಲ್.

ತೊಗರಿ ಬ್ಯಾಳಿ (ಕಲಬುರಗಿ)

ಮೈಸೂರಿನವರು ಬಂದು ಬೀದರ ಸಾಮಾನಿಗೆ ಹೆಸರು ಇಡ್ಲತ್ತಾರ ನೋಡ್ರಪ್ಪೋ

ಚಾಮುಂಡಿ ಬೆಟ್ಟದ ಮೆಟ್ಟಿಲು (ಮೈಸೂರು)

ಹೆಸರು ಇಟ್ಟಿಲ್ಲ ಸ್ವಾಮಿ, ಅಭಿಪ್ರಾಯ ಹೇಳಿದೆ 🙏

ಬಿಸಿಲುಗುದುರೆ (ಯಾದಗಿರಿ)

ನಮ್ಮ ಕಡಿ ಎಲ್ಲಾದಕ್ಕೂ ಒಂದೇ, ‘ಜಂಗ ಹತ್ಯದ’. ಕಬ್ಬಿಣಕ್ಕೂ ಜಂಗ, ಸೈಕಲ್ ಚೈನಿಗೂ ಜಂಗ, ಮೆದುಳಿಗೂ ಜಂಗ. ತುಕ್ಕು ಅಂತ ಪುಸ್ತಕದಾಗ ಓದೀವಿ ಅಷ್ಟೆ, ಮನ್ಯಾಗ ಯಾರೂ ಅನ್ನಂಗಿಲ್ಲ. ಜಂಗ ಉರ್ದುದಿಂದ ಬಂದದ, ಇರಲಿ, ಬಂದು ನೂರಾರು ವರ್ಷ ಆಯ್ತು, ಈಗ ಅದು ನಮ್ಮದೇ.

ಉಳಿ ಸುತ್ತಿಗಿ (ಬೀದರ)

ನಮ್ಮದು ಮೂರು ತಲಿಯಿಂದ ಇದೇ ಕೆಲಸ, ಅದಕ್ಕ ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಮೊದಲನೇದು, ಚೀಟಿ ಒಳಗಿನ ಶಬ್ದ ತಪ್ಪಲ್ಲ, ಮಾತೇ ತಪ್ಪು. ಬಿದರಿ ಅಂದ್ರ ಎರಡು ಲೋಹದ ಆಟ. ಮೈ ಅಂತೇವಲ್ಲ ಅದು ಸತು, ಅದರಾಗ ಸ್ವಲ್ಪ ತಾಮ್ರ, 16 ಪಾಲಿಗೆ 1 ಪಾಲು ಅಂತ ಲೆಕ್ಕ, ಒಬ್ಬೊಬ್ಬರ ಕಾರ್ಖಾನ್ಯಾಗ ಸ್ವಲ್ಪ ಹೆಚ್ಚು ಕಮ್ಮಿ ಇರ್ತದ. ಮಣ್ಣಿನ ಅಚ್ಚಿನ್ಯಾಗ ಎರಕ ಹೊಯ್ದಾಗ ಅದು ಬೂದಿ ಬಣ್ಣ ಇರ್ತದ, ಕಪ್ಪು ಅಲ್ಲ. ಅರ ಹಾಕಿ ತಿಕ್ಕಿ ನುಣ್ಣಗ ಮಾಡಿ ಮ್ಯಾಲ ನೀಲಾ ಥೋಥಾ, ಅಂದ್ರ ಮೈಲುತುತ್ತದ ನೀರು ಬಳೀತೇವು. ಆಗ ಕಪ್ಪಾಗ್ತದ, ಆದ್ರ ಅದು ಕಚ್ಚಾ ಕಪ್ಪು, ನಕ್ಷಿ ಗೀಚ್ಲಿಕ್ಕ ಕಣ್ಣಿಗಿ ಕಾಣ್ಲಿ ಅಂತ ಅಷ್ಟೆ. ಆಮ್ಯಾಲ ಉಳಿಲಿಂದ ಕೊರದು ಬೆಳ್ಳಿ ತಂತಿ ಇಲ್ಲಾ ಬೆಳ್ಳಿ ತಗಡು ಕೂಡಿಸಿ ಮತ್ತ ತಿಕ್ತೇವು, ಆ ಕಚ್ಚಾ ಕಪ್ಪು ಹೋಗಿ ಬಿಡ್ತದ, ಬೆಳ್ಳಿ ಯಾವ್ದು ಮೈ ಯಾವ್ದು ಗೊತ್ತೇ ಆಗಂಗಿಲ್ಲ. ಖರೇ ಆಟ ಕಡೀಕಿರ್ತದ. ಕಿಲ್ಲಾದಾಗಿನ ಹಳೇ ಗ್ವಾಡಿ, ಮಳಿ ಬಿಸಿಲು ತಾಕದ ಜಾಗದ್ದು ಮಣ್ಣು ತಂದು, ನೌಸಾದರ ಕೂಡಿಸಿ ನೀರಾಗ ಕಲಸಿ, ಸಾಮಾನು ಬಿಸಿ ಮಾಡಿ ತಿಕ್ಕಿದ್ರ ಮೈ ಕಪ್ಪಂದ್ರ ಕಪ್ಪು, ಬೆಳ್ಳಿ ಬೆಳ್ಳಗೇ ಉಳೀತದ. ಆಮ್ಯಾಲ ಕೊಬ್ರಿ ಎಣ್ಣಿ ಹಚ್ಚಿ ಒರಸೋದು.

ಅಂದ್ರ ನೀವು ಟಾರ್ನಿಶ್ ಅಂತೀರಲ್ಲ, ಅದನ್ನ ನಾವು ಬೇಕಂತ ಮಾಡ್ತೇವು. ಕಪ್ಪಾಗಿದ್ದೇ ಅದರ ಕಿಮ್ಮತ್ತು. ಆಗಬಾರದ್ದು ಏನಂದ್ರ ಬೆಳ್ಳಿ ಕಪ್ಪಾಗೋದು, ಅದು ಆಗ್ತದ, ಆಗಂಗಿಲ್ಲ ಅಂತ ಬರದ್ರ ಸುಳ್ಳು. ವರ್ಷ ಎರಡು ವರ್ಷಕ್ಕ ಮಬ್ಬಾಗ್ತದ, ಮೆತ್ತನ ಬಟ್ಟಿಲಿಂದ ಒರಸಿದ್ರ ಬರ್ತದ.

ನಾವು ಏನಂತೇವು ಅಂದ್ರ ‘ಚಾಂದಿ ಮೈಲಾ ಆಗ್ಯದ’ ಅಂತೇವು. ಕನ್ನಡ ಅಲ್ಲಂತೀರಿ, ಗೊತ್ತದ.

ಚೌಬಾರಾ ಹುಡುಗ (ಬೀದರ)

ಯಪ್ಪಾ. ಅಣ್ಣಾ ನೀವು ಹೇಳಿದ್ದು ಭಾವಗ ಓದಿ ತೋರಿಸಿದೆ. ಬೆಳ್ಳಿ ಮಬ್ಬಾಗ್ತದ ಅಂತ ಬರದ್ರ ಗಿರಾಕಿ ಬರ್ತಾರೇನು ಅಂತ ನನಗೇ ಬೈದ್ರು.

ಕೆಮಿಸ್ಟ್ರಿ ಪಿರಿಯಡ್ (ಕಲಬುರಗಿ)

ಉಳಿ ಸುತ್ತಿಗಿ ಅವರು ಹೇಳಿದ್ದು ಸರಿ. ಬೆಳ್ಳಿ ಕಪ್ಪಾಗೋದು ಗಾಳ್ಯಾಗಿನ ಗಂಧಕದಿಂದ, ಸಿಲ್ವರ್ ಸಲ್ಫೈಡ್ ಅಂತ ತೆಳು ಪದರ ಕೂಡ್ತದ. ಅದಕ್ಕೇ ತತ್ತಿ ತಿಂದ ಚಮಚ ಕಪ್ಪಾಗೋದು, ಬೆಳ್ಳಿ ಸಾಮಾನಿಗಿ ರಬ್ಬರ್ ಬ್ಯಾಂಡ್ ಹಾಕಬ್ಯಾಡ ಅನ್ನೋದು. ಕಬ್ಬಿಣದ ಜಂಗ ಬ್ಯಾರೆ. ಅದು ಲೋಹಾನ ತಿಂತಾ ಒಳಗ ಹೋಗ್ತದ, ಉದುರ್ತದ. ಬೆಳ್ಳಿದು ಮ್ಯಾಲ ಕುಂತ್ಕೊಂಡು ಸುಮ್ಮನ ಇರ್ತದ. ಅದಕ್ಕ ಎರಡಕ್ಕೂ ಒಂದೇ ಶಬ್ದ ಹಾಕೋದು ತಪ್ಪು. ಬಿಸಿಲುಗುದುರೆ ಅವರ ಮೆದುಳಿಂದು ಯಾವ ನಮೂನಿದೋ ನೋಡಬೇಕು.

ಬಿಸಿಲುಗುದುರೆ (ಯಾದಗಿರಿ)

ಉದುರೋ ನಮೂನಿದು ಸರ್

ಅಕ್ಕನ ಒಲಿ (ಹುಮನಾಬಾದ)

ನನ್ನ ಮದುವ್ಯಾಗ ಕಾಕಾ ಬಿದರಿ ಹೂದಾನಿ ಕೊಟ್ಟಿದ್ರು. ನಮ್ಮತ್ತಿ ಭಾಳ ಸ್ವಚ್ಛ ಹೆಂಗಸು. ದೀಪಾವಳಿ ಮುಂದ ಎಲ್ಲಾ ಸಾಮಾನು ತೆಗದು ಹುಣಸಿಹಣ್ಣು ಬೂದಿ ಹಾಕಿ ತಿಕ್ಕಿದ್ರು, ಹಿತ್ತಾಳಿ ಕೊಡ, ತಾಮ್ರದ ತಂಬಗಿ, ಅದರ ಜೋಡಿ ನನ್ನ ಹೂದಾನಿನೂ. ಸಂಜಿಗಿ ನನ್ನ ಕರದು ಹೆಮ್ಮಿಲಿಂದ ತೋರಿಸಿದ್ರು, ‘ನೋಡವ್ವಾ ಎಷ್ಟು ಕಿಟ್ಟ ಹಿಡದಿತ್ತು, ತಿಕ್ಕಿ ತಿಕ್ಕಿ ರಟ್ಟಿ ಹೋದ್ವು, ಇನ್ನೂ ಪೂರಾ ಹೋಗಿಲ್ಲ’ ಅಂತ. ಹೂದಾನಿ ಅಲ್ಲಲ್ಲಿ ಬೂದಿ ಬಣ್ಣ ಆಗಿ ಕಜ್ಜಿ ನಾಯಿ ಕಂಡಂಗ ಕಾಣ್ತಿತ್ತು. ಅಳಬೇಕೋ ನಗಬೇಕೋ ತಿಳೀಲಿಲ್ಲ. ಇವತ್ತಿಗೂ ಹಂಗೇ ಅದ, ಶೋಕೇಸ್‌ದಾಗ ಕೆಟ್ಟ ಕಡಿ ಗ್ವಾಡಿಗಿ ಮಾಡಿ ಇಟ್ಟೀನಿ.

ಅದಕ್ಕ ಚೀಟ್ಯಾಗ ಶಬ್ದ ಏನರ ಬರೀರಿ, ‘ಹುಣಸಿಹಣ್ಣು ಹಚ್ಚಬ್ಯಾಡ್ರಿ’ ಅನ್ನೋದು ಮಾತ್ರ ಬರೀರಿ ಅಣ್ಣಾ.

ಉಳಿ ಸುತ್ತಿಗಿ (ಬೀದರ)

ಅಕ್ಕೋರೆ ಹೂದಾನಿ ತಗೊಂಡು ಬರ್ರಿ, ಮತ್ತ ಕಪ್ಪು ಮಾಡಬಹುದು. ಬೆಳ್ಳಿ ಎದ್ದಿಲ್ಲಂದ್ರ ಸಾಕು.

ಅಕ್ಕನ ಒಲಿ (ಹುಮನಾಬಾದ)

ಖರೇನಾ?? ಹತ್ತು ವರ್ಷದಿಂದ ಗ್ವಾಡಿ ನೋಡ್ಲತ್ತದ ಪಾಪ

ಕಾಗಿಣಾ ದಂಡಿ (ಸೇಡಂ)

ಕಿಲುಬು ಶಬ್ದದ ಮ್ಯಾಲ ಒಂದು ಮಾತು. ಇದು ಪಕ್ಕಾ ದ್ರಾವಿಡ ಶಬ್ದ. ತಮಿಳಿನ್ಯಾಗ ಕಳಿಂಬು, ತೆಲುಗಿನ್ಯಾಗ ಚಿಲುಮು. ನಮ್ಮ ಸೇಡಂ ಕಡಿ ತೆಲುಗು ಮಂದಿ ಭಾಳ, ಅವರು ‘ಚಿಲುಮು ಪಟ್ಟಿಂದಿ’ ಅಂತಾರ, ನಾವು ಕಿಲುಬು ಹಿಡದದ ಅಂತೇವು, ಪಾತ್ರಿ ಒಂದೇ ಹುಣಸಿಹಣ್ಣು ಒಂದೇ. ಕ ಇದ್ದದ್ದು ತೆಲುಗಿನ್ಯಾಗ ಚ ಆಗ್ತದ, ನಮ್ಮ ಕಿವಿ ಅವರ ಚೆವಿ ಆದಂಗ.

ಆದ್ರ ಕಿಲುಬು ತಾಮ್ರ, ಹಿತ್ತಾಳಿ, ಕಂಚಿಗಿ ಮಾತ್ರ. ಬೆಳ್ಳಿಗಿ ಕಿಲುಬು ಅಂದ್ರ ನಮ್ಮವ್ವ ನಗ್ತಾಳ. ಬೆಳ್ಳಿ ‘ಕಪ್ಪಾಗ್ತದ’, ಬಂಗಾರ ‘ಮಾಸ್ತದ’, ಕನ್ನಡಿ ‘ಮಬ್ಬಾಗ್ತದ’, ದೀಪ ‘ಮಂಕಾಗ್ತದ’. ಒಂದೊಂದಕ್ಕೂ ಬ್ಯಾರೆ ಬ್ಯಾರೆ ಅದ. ಇಂಗ್ಲಿಷಿನವರು ಎಲ್ಲಾದಕ್ಕೂ ಒಂದೇ ಶಬ್ದ ಇಟ್ಕೊಂಡಾರ, ಬೆಳ್ಳಿಗೂ ಅದೇ, ಮಂತ್ರಿ ಹೆಸರಿಗೂ ಅದೇ, ಪಾಪ ಮೊಬೈಲು ತಾನೇ ಏನ್ ಮಾಡಬೇಕು.

ತೊಗರಿ ಬ್ಯಾಳಿ (ಕಲಬುರಗಿ)

ಮಂತ್ರಿ ಹೆಸರು ಮೊದಲೇ ಹೊಳೀತಿತ್ತು ಅನ್ನೋದು ಯಾರು ಹೇಳ್ಯಾರ

ಕರಿಕೋಟು (ಕಲಬುರಗಿ)

ಕೋರ್ಟ್ ಭಾಷಾ ಹೇಳ್ತೀನಿ ಕೇಳ್ರಿ. ಹೆಸರು ಕೆಡಿಸೋದಕ್ಕ ನಮ್ಮಲ್ಲಿ ‘ಮಾನಹಾನಿ’ ಅಂತ ಶಬ್ದ. ಮೊದಲು ಐಪಿಸಿ 499, 500 ಇತ್ತು, 2024ರ ಜುಲೈ 1ರಿಂದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 356. ಎರಡು ವರ್ಷದ ತನಕ ಶಿಕ್ಷೆ ಅದ, ಈಗ ಸಮುದಾಯ ಸೇವೆ ಅನ್ನೋದೂ ಸೇರ್ಸ್ಯಾರ. ಫಿರ್ಯಾದಿ ಬರಿಯೋವಾಗ ಕಕ್ಷಿದಾರರು ಹೇಳೋದೇ ಬ್ಯಾರೆ, ‘ಸಾಹೇಬ್ರ, ನನ್ನ ಬದನಾಮಿ ಮಾಡ್ಯಾನ, ಮುಖಕ್ಕ ಮಸಿ ಬಳದಾನ’ ಅಂತ. ನಾವು ಬರಿಯೋದು ‘ಫಿರ್ಯಾದಿಯ ಘನತೆಗೆ ಕಳಂಕ ತರುವ ದುರುದ್ದೇಶದಿಂದ’ ಅಂತ. ಒಮ್ಮೆ ಒಬ್ಬ ಮುದುಕ ಅದನ್ನ ಓದಿಸಿಕೊಂಡು ಕೇಳಿ, ‘ಇದು ನಂದೇ ಕೇಸಾ?’ ಅಂದ.

ಬಿಸಿಲುಗುದುರೆ (ಯಾದಗಿರಿ)

ಮಸಿಗೂ ಕಿಲುಬಿಗೂ ಒಂದು ಫರಕ್ ಗಮನಿಸೀರಾ? ಕಿಲುಬು ತಾನೇ ಏರ್ತದ, ಜಂಗ ತಾನೇ ಹತ್ತತದ, ಬಟ್ಟಿ ತಾನೇ ಮಾಸ್ತದ. ಮಸಿ ಮಾತ್ರ ಯಾರರ ಬಳೀಬೇಕು. ಕೈ ಬೇಕು ಅದಕ್ಕ. ‘ನನ್ನ ಹೆಸರಿಗೆ ಮಸಿ ಹಿಡೀತು’ ಅಂತ ಯಾರೂ ಅನ್ನಂಗಿಲ್ಲ. ರಾಜಕಾರಣಿಗಳಿಗಿ ಅದಕ್ಕೇ ಈ ಶಬ್ದ ಭಾಳ ಪ್ರೀತಿ. ತನ್ನಷ್ಟಕ್ಕ ತಾನೇ ಕೆಟ್ಟವನೂ ‘ನನಗ ಮಸಿ ಬಳಿಯೋ ಯತ್ನ ನಡದದ’ ಅಂತಾನ, ಅಂದ್ರ ಬಳಿದವ ಬ್ಯಾರೆ ಯಾವನೋ ಇದ್ದಾನ ಅಂತಾಯ್ತಲ್ಲ.

ಕಾಗಿಣಾ ದಂಡಿ (ಸೇಡಂ)

ಮೆದುಳಿಗಿ ಜಂಗ ಹತ್ಯದ ಅಂದವರು ಇವರೇನಾ?! ಭಾಳ ಛಲೋ ಹೇಳಿದ್ರಿ.

ಪಿರಿಪಿರಿ ಮಳಿ (ಶಹಾಪುರ)

ಇನ್ನು ‘ಕಳಂಕ’ ನೋಡ್ರಿ. ಕಳಂಕ ಏರಂಗೂ ಇಲ್ಲ, ಬಳಿಯಂಗೂ ಇಲ್ಲ, ಕಳಂಕ ‘ತರೋದು’. ಅದನ್ನ ತರೋರು ಯಾರು? ‘ಮನೆತನಕ್ಕ ಕಳಂಕ ತಂದಳು’. ಗಂಡಸು ಕುಡದು ಹೊಲ ಮಾರಿದ್ರ ‘ಹಾಳಾಗಿ ಹೋದ’ ಅಂತಾರ, ಪಾಪ ಅಂತನೂ ಅಂತಾರ. ಹುಡುಗಿ ತನಗ ಬೇಕಾದವನ ಜೋಡಿ ಮದುವಿ ಆದ್ರ ಕಳಂಕ. ಆ ಮಾಸ್ತರ್ ಜೋಕ್ ಹೊಡದ್ರಲ್ಲ, ಹೂಜಿ ಯಾರ ಜೋಡಿ ಓಡಿ ಹೋಗಿತ್ತು ಅಂತ, ಎಲ್ಲರೂ ನಕ್ಕರಿ. ಹೂಜಿ ಹೆಣ್ಣು ಅಂತ ಅವರಿಗೆ ಹೆಂಗ ಗೊತ್ತಾಯ್ತು?

ತೊಗರಿ ಬ್ಯಾಳಿ (ಕಲಬುರಗಿ)

ಅಕ್ಕಾ ಅದು ಬರೀ ಜೋಕು, ಎಲ್ಲಾದರಾಗೂ ಇದನ್ನ ತರಬ್ಯಾಡ್ರಿ

ಪಿರಿಪಿರಿ ಮಳಿ (ಶಹಾಪುರ)

ನಾ ತಂದಿಲ್ಲ. ಶಬ್ದ ತಂದದ. ಜೋಕು ಅರ್ಥ ಆಗಬೇಕಂದ್ರ ‘ಕಳಂಕ ಅಂದ್ರ ಹೆಣ್ಣು ಓಡಿ ಹೋಗೋದು’ ಅನ್ನೋದು ನಿಮ್ಮ ತಲ್ಯಾಗ ಮೊದಲೇ ಇರಬೇಕಲ್ಲ, ಇಲ್ಲಂದ್ರ ನಗು ಯಾಕ ಬಂತು? ಶಬ್ದದ ಅರ್ಥ ಕೇಳ್ಯಾರ ಅಂತ ಹೇಳ್ದೆ, ಬಳಕಿ ಒಳಗ ಇರೋದೇ ಅರ್ಥ.

ಕರಿಕೋಟು (ಕಲಬುರಗಿ)

ಅಕ್ಕೋರ ಪಾಯಿಂಟಿಗೆ ಆಬ್ಜೆಕ್ಷನ್ ಇಲ್ಲ.

ತೊಗರಿ ಬ್ಯಾಳಿ (ಕಲಬುರಗಿ)

ಆಯ್ತ್ರಿ, ಕೇಸು ಸೋತೆ

ಅನಾಮಿಕ 371

‘ಮೈಲಿಗೆ ಆಗುವುದಿಲ್ಲ’ ಅಂತ ಬರಿಬಹುದಲ್ಲ? ಮೈಲಾ, ಮಲಿನ, ಮೈಲಿಗೆ ಎಲ್ಲಾ ಒಂದೇ.

ಕಾಗಿಣಾ ದಂಡಿ (ಸೇಡಂ)

ಆ ಶಬ್ದ ಅಂಗಡಿ ಬಾಗಲಕ್ಕ ತರಬ್ಯಾಡ್ರಿ. ಮೈಲಿಗೆ ಅಂದ ಕೂಡ್ಲೆ ಯಾರನ್ನ ಎಲ್ಲಿ ನಿಂದ್ರಿಸಿದ್ರು ಅನ್ನೋದು ನೆನಪಾಗ್ತದ. ಬಸವಕಲ್ಯಾಣ ಇರೋ ಜಿಲ್ಲಾದಾಗ ಕುಂತು ಇದನ್ನ ಬರೀಬೇಕಾ?

ಅನಾಮಿಕ 371

ಬಟ್ಟಿ ಮೈಲಿಗೆ ಆಯ್ತು ಅಂತ ಅಗಸರ ಮನಿಗಿ ಹಾಕ್ತಿದ್ರು, ಆ ಅರ್ಥಕ್ಕ ಹೇಳ್ದೆ. ಬಿಡ್ರಿ, ಬ್ಯಾಡ.

ಗಡಿ ಮನಿ (ಭಾಲ್ಕಿ)

ನಮ್ಮದು ಅರ್ಧ ಮರಾಠಿ ಅರ್ಧ ಕನ್ನಡ ಮನಿ. ಒಂದು ಖರೇ ಘಟನಾ ಹೇಳ್ತೀನಿ. ಉದಗೀರದಿಂದ ನಮ್ಮ ಮಾವಶಿ ಮಗ ಬಂದಿದ್ದ, ಕನ್ನಡ ಓದ್ಲಿಕ್ಕ ಕಲೀಲತ್ತಾನ. ಒಂದು ಸರ್ಕಾರಿ ಕಾಗದದಾಗ ‘ರಾಜ್ಯ ಲಾಂಛನ’ ಅಂತ ಓದಿ ಗಾಬರಿ ಆದ. ಮರಾಠ್ಯಾಗ ಲಾಂಛನ ಅಂದ್ರ ಕಳಂಕ! ಹೆಸರಿಗೆ ಲಾಂಛನ ಹತ್ತೋದು ಅಂದ್ರ ಬದನಾಮಿ. ಹಿಂದಿ ಒಳಗೂ ಅದೇ. ‘ನಿಮ್ಮ ಸರ್ಕಾರ ತನ್ನ ಕಳಂಕಾನ ತಾನೇ ಕಾಗದದ ಮ್ಯಾಲ ಛಾಪಿಸ್ತದೇನು’ ಅಂತ ಕೇಳ್ದ. ಗಂಡಭೇರುಂಡ ತೋರಿಸಿ ತಿಳಿಸಿ ಹೇಳೋದ್ರಾಗ ಚಾ ಆರಿ ಹೋಯ್ತು.

ಕಾಗಿಣಾ ದಂಡಿ (ಸೇಡಂ)

ಇದು ಭಾಳ ಮಜಾ ಅದ. ಸಂಸ್ಕೃತದಾಗ ಲಾಂಛನ, ಕಳಂಕ, ಅಂಕ, ಚಿಹ್ನ ಎಲ್ಲಾ ಒಂದೇ ಸಾಲಿನ ಶಬ್ದ. ಅಮರಕೋಶದಾಗ ಒಂದೇ ಕಡಿ ಬರ್ತಾವ. ಬರೀ ‘ಗುರ್ತು’ ಅಂತ ಅರ್ಥ. ಚಂದ್ರನ ಮ್ಯಾಲ ಇರೋದು ಒಂದು ಗುರ್ತು, ಮೊಲ ಅಂತೀರೋ ಜಿಂಕಿ ಅಂತೀರೋ ನಿಮಗ ಬಿಟ್ಟದ್ದು. ಒಂದೇ ಶಬ್ದ ಮರಾಠಿಗಿ ಹೋಗಿ ಬೈಗುಳ ಆಯ್ತು, ಕನ್ನಡದಾಗ ಸರ್ಕಾರಿ ಮುದ್ರಿ ಆಯ್ತು. ನಮ್ಮ ಶರಣರ ಕಡಿ ಬಂದ್ರ ಲಾಂಛನ ಅಂದ್ರ ವಿಭೂತಿ, ರುದ್ರಾಕ್ಷಿ, ಕಾವಿ, ಅಂದ್ರ ಜಂಗಮರ ವೇಷ. ಲಾಂಛನಕ್ಕ ಶರಣು ಅಂತ ಕಾಲಿಗೆ ಬೀಳ್ತಾರ. ಗುರ್ತು ಹೊಗಳಿಕ್ಯೋ ತೆಗಳಿಕ್ಯೋ ಅನ್ನೋದು ಯಾರ ಮೈ ಮ್ಯಾಲ ಅದ, ಯಾರು ನೋಡ್ಲತ್ತಾರ ಅನ್ನೋದ್ರ ಮ್ಯಾಲ.

ಇನ್ನೊಂದು ಹೇಳ್ಲಾ? ಚೀಟಿ ಹೊಡಿಸಿದ ಭಾವಗ ಇದನ್ನ ತೋರಿಸ್ರಿ. ಸಂಸ್ಕೃತ ಕೋಶದಾಗ ಕಳಂಕ ಶಬ್ದಕ್ಕ ‘ಕಬ್ಬಿಣದ ತುಕ್ಕು’ ಅಂತ ಒಂದು ಅರ್ಥ ಅದ! ಮೊಬೈಲಿಗಿ ಅದು ಗೊತ್ತಿರಂಗಿಲ್ಲ ಬಿಡ್ರಿ, ಕುರುಡ ಕಲ್ಲು ಒಗದಂಗ, ಆದ್ರ ಪೂರಾ ತಪ್ಪಿಲ್ಲ.

ಚೌಬಾರಾ ಹುಡುಗ (ಬೀದರ)

ಓದಿ ತೋರಿಸಿದೆ. ಭಾವ ಎದ್ದು ಕುಂತ್ರು. ‘ಆ ಮಾಸ್ತರನ ನಂಬರ್ ಅದ ಏನು’ ಅಂತ ಕೇಳ್ಲತ್ತಾರ 😅

ಕೆಮಿಸ್ಟ್ರಿ ಪಿರಿಯಡ್ (ಕಲಬುರಗಿ)

ಕೋಶದಾಗ ಇದ್ದರೂ ಬಿದರಿ ಕಬ್ಬಿಣ ಅಲ್ಲ. ಸತು. ಭಾವ ಮತ್ತ ಕುಂದ್ರಬಹುದು.

ಹಾಲಿ ಸಿಕ್ಕಾ (ಚಿಟಗುಪ್ಪ)

‘ಬಟ್ಟಾ ಹತ್ತೋದು’ ಯಾರೂ ಹೇಳ್ಲಿಲ್ಲಲ್ಲ. ಇಜ್ಜತ್ತಿಗಿ ಬಟ್ಟಾ ಹತ್ತು ಅಂತ ನಮ್ಮ ಅಜ್ಜ ಅಂತಿದ್ರು. ಬಟ್ಟಾ ಅಂದ್ರ ನಾಣ್ಯ ಬದಲಿ ಮಾಡೋವಾಗ ಮುರಕೊಳ್ಳೋ ದುಡ್ಡು, ವಟಾವು ಅಂತೀರಲ್ಲ ಅದು. ನಮ್ಮ ಕಡಿ ನಿಜಾಮರ ರಾಜ್ಯ ಇದ್ದಾಗ ಹಾಲಿ ಸಿಕ್ಕಾ ಬ್ಯಾರೆ, ಇಂಗ್ರೇಜ್ ರೂಪಾಯಿ ಬ್ಯಾರೆ. ಇಂಗ್ರೇಜರದಕ್ಕ ಕಲ್ದಾರ ಅಂತಿದ್ರು. ಏಳು ಹಾಲಿ ಕೊಟ್ರ ಆರು ಕಲ್ದಾರ. ಸೋಲಾಪುರ ಬಜಾರಕ್ಕ ಹೋಗಬೇಕಂದ್ರ ಸಾಹುಕಾರನ ಬಲ್ಲಿ ಬದಲಿ ಮಾಡಿಸಿ ಬಟ್ಟಾ ಕೊಟ್ಟು ಹೋಗಬೇಕು. ನಾಣ್ಯ ಸವದಿತ್ತು, ಕಪ್ಪಾಗಿತ್ತು ಅಂದ್ರ ಇನ್ನೂ ಮುರೀತಿದ್ರು. ಹಂಗ ಮನಷ್ಯಾನ ಕಿಮ್ಮತ್ತು ಮುರದ್ರ ಬಟ್ಟಾ ಹತ್ತು ಅನ್ನೋದು. ಲೆಕ್ಕದ ಶಬ್ದ ಅದು. ಎಷ್ಟು ಇಜ್ಜತ್ ಹೋಯ್ತು ಅಂತ ಅಜ್ಜ ಆಣೆ ಲೆಕ್ಕದಾಗ ಹೇಳ್ತಿದ್ರು, ‘ಅವನದು ನಾಕಾಣೆ ಹೋಯ್ತು, ಹನ್ನೆರಡಾಣೆ ಉಳದದ’ ಅಂತ.

ಪಿರಿಪಿರಿ ಮಳಿ (ಶಹಾಪುರ)

ಇದು ಛಲೋ ಅದ. ಕಳಂಕದಾಗ ಪೂರಾ ಹದಿನಾರಾಣೆ ಒಮ್ಮೆಗೇ ಹೋಗ್ತದ, ಬಟ್ಟಾದಾಗ ಸ್ವಲ್ಪ ಉಳೀತದ.

ಚಾಮುಂಡಿ ಬೆಟ್ಟದ ಮೆಟ್ಟಿಲು (ಮೈಸೂರು)

ಮಸಿ ಬೆಳ್ಳಿ ಎರಡೂ ಬಂತು ಅಂತ ನಮ್ಮೂರಿನ ವಿಷಯ ಒಂದು ಹೇಳಿಬಿಡ್ತೀನಿ, ಬೈಬೇಡಿ. ಓಟು ಹಾಕಿದಾಗ ಬೆರಳಿಗೆ ಹಚ್ತಾರಲ್ಲ ಅಳಿಸದ ಶಾಯಿ, ಅದು ತಯಾರಾಗೋದು ನಮ್ಮ ಮೈಸೂರಲ್ಲಿ, 1962ರ ಚುನಾವಣೆಯಿಂದ. ಅದರಲ್ಲಿ ಇರೋದು ಸಿಲ್ವರ್ ನೈಟ್ರೇಟ್, ಅಂದ್ರೆ ಬೆಳ್ಳೀದೇ ಲವಣ. ಚರ್ಮಕ್ಕೆ ತಾಗಿ ಬೆಳಕು ಬಿದ್ರೆ ಕಪ್ಪಾಗುತ್ತೆ. ನೀವು ಬೆಳ್ಳಿ ಕಪ್ಪಾಗಬಾರದು ಅಂತ ಒದ್ದಾಡ್ತಿದೀರಿ, ನಾವು ಕಪ್ಪಾಗ್ಲಿ ಅಂತ್ಲೇ ಹಚ್ತೀವಿ. ಆ ಮಸಿ ಬಳಿಸ್ಕೊಂಡು ಎಲ್ಲರೂ ಸೆಲ್ಫಿ ತಗೋತಾರೆ ಬೇರೆ.

ತೊಗರಿ ಬ್ಯಾಳಿ (ಕಲಬುರಗಿ)

ಈ ಸಲ ಮೈಸೂರಿಗೆ ಮಾರ್ಕ್ಸ್ ಕೊಡ್ತೀನಿ

ಗಡಿ ಮನಿ (ಭಾಲ್ಕಿ)

ನನಗ ಅನ್ಸೋದು, ಈ ‘ಕಪ್ಪು ಅಂದ್ರ ಕೆಟ್ಟದ್ದು’ ಅನ್ನೋದು ನಮ್ಮ ಕಡಿ ನಡಿಯಂಗೇ ಇಲ್ಲ. ಎರಿ ಹೊಲ ಕಪ್ಪಿದ್ದಷ್ಟು ತೊಗರಿ ಛಲೋ. ಕೂಸಿಗಿ ಕೆನ್ನಿ ಮ್ಯಾಲ ಕಾಡಿಗಿ ಬೊಟ್ಟು ಇಡ್ತೇವು, ದೃಷ್ಟಿ ಆಗಬಾರದು ಅಂತ. ಅದು ಕಳಂಕಾನೇ ಅಲ್ಲೇನು? ಚಂದ ಇದ್ದದ್ದನ್ನ ಬೇಕಂತ ಸ್ವಲ್ಪ ಕೆಡಿಸಿ ಕಾಯೋದು. ಬಿದರಿ ಅಂತೂ ಪೂರಾ ಕಪ್ಪು. ಪೇಪರಿನವರು ಮಾತ್ರ ಇಲ್ಲೇ ಕುಂತು ‘ಜಿಲ್ಲೆಗೆ ಕಪ್ಪು ಚುಕ್ಕೆ’ ಅಂತ ಬರೀತಾರ.

ಕರಿಕೋಟು (ಕಲಬುರಗಿ)

ನನ್ನ ಹೆಸರು ನೋಡಿಯರ ಕಪ್ಪಿಗೆ ಮರ್ಯಾದಿ ಕೊಡ್ರಿ.

ಮಸಿ ಮಾತು ಬಂದದ ಅಂತ ನೆನಪಾಯ್ತು. ಖರೇ ಮಸಿಲಿಂದ ಹೆಸರು ಕೆಡಿಸಿದ ಕೇಸು ಬೀದರಿನ್ಯಾಗೇ ಆಗ್ಯದ. ಮಹಮೂದ್ ಗವಾನ್. 1472ರಾಗ ಮದರಸಾ ಕಟ್ಟಿಸಿದ ಬಹಮನಿ ವಜೀರ. ಅವನ ಏಳಿಗಿ ತಾಳಲಾರದ ಅಮೀರರು ಅವನ ಮುದ್ರಿ ಕಾಯೋನ್ನ ತಮ್ಮ ಕಡಿ ಮಾಡ್ಕೊಂಡು ಖಾಲಿ ಕಾಗದದ ಮ್ಯಾಲ ಮುದ್ರಿ ಒತ್ತಿಸಿಕೊಂಡ್ರು. ಆಮ್ಯಾಲ ಒಡಿಶಾ ರಾಜಗ ‘ದಂಡೆತ್ತಿ ಬಾ’ ಅಂತ ಕರಿಯೋ ಪತ್ರ ಅದರಾಗ ಬರದು ಸುಲ್ತಾನನ ಮುಂದಿಟ್ರು. ಮೂರನೇ ಮುಹಮ್ಮದ್ ಷಾ ವಿಚಾರಣಿ ಗಿಚಾರಣಿ ಏನೂ ಮಾಡ್ಲಿಲ್ಲ, ತಲಿ ತೆಗಿಸಿದ. 1481. ಸುಳ್ಳು ಅಂತ ಗೊತ್ತಾಗಿ ಹಲುಬಿದ, ಮುಂದಿನ ವರ್ಷ ತಾನೂ ಸತ್ತ. ಮುದ್ರಿ ಖರೇದು, ಕಾಗದ ಖರೇದು, ಮಸಿ ಒಂದೇ ಸುಳ್ಳು. ಫೋರ್ಜರಿ ಪಾಠ ಮಾಡೋವಾಗ ಜೂನಿಯರ್‌ಗಳಿಗಿ ನಾ ಇದನ್ನೇ ಹೇಳ್ತೀನಿ.

ಉಳಿ ಸುತ್ತಿಗಿ (ಬೀದರ)

ಅವನ ಮದರಸಾದ ಗ್ವಾಡಿ ಮ್ಯಾಲ ಹಚ್ಚಿದ ನೀಲಿ ಹಂಚು ಇನ್ನೂ ಕೆಲವು ಹಂಗೇ ಹೊಳೀತಾವ, 500 ವರ್ಷದ ಮ್ಯಾಲ ಆಯ್ತು. ನಾ ಸಣ್ಣಾಂವ ಇದ್ದಾಗ ಅಲ್ಲೇ ಆಡ್ತಿದ್ವಿ.

ಕಾಗಿಣಾ ದಂಡಿ (ಸೇಡಂ)

ಬೀದರಿನವರು ಹೇಳಿದ್ಮ್ಯಾಲ ಮಳಖೇಡದವರು ಸುಮ್ಮನ ಇರಬೇಕಾ? ಕೆಡೋದು ಅನ್ನೋದಕ್ಕ ನನಗ ಎಲ್ಲಾಕ್ಕಿಂತ ಸೇರೋ ಉಪಮಾ ನಮ್ಮ ಕವಿರಾಜಮಾರ್ಗದ್ದು. ಒಂಬತ್ತನೇ ಶತಮಾನ, ನಮ್ಮ ಮಳಖೇಡದಾಗಿನ ನೃಪತುಂಗನ ಆಸ್ಥಾನ. ಗೊತ್ತು ಗುರಿ ಇಲ್ಲದ ಸಂಸ್ಕೃತ ಕನ್ನಡ ಕೂಡಿಸಿ ಸಮಾಸ ಮಾಡಿದ್ರ ಕುದಿಯೋ ಹಾಲಿಗಿ ಮಜ್ಜಿಗಿ ಹನಿ ಬಿಟ್ಟಂಗ ಅಂತಾನ. ಈ ‘ಕಳಂಕಗೊಳ್ಳುವುದಿಲ್ಲ’ ಓದಿದಾಗ ಅದೇ ನೆನಪಾಯ್ತು. ಹಾಲು ಒಡದ್ರ ಒರಸಿ ಸರಿ ಮಾಡ್ಲಿಕ್ಕ ಬರ್ತದೇನು.

ಬಿಸಿಲುಗುದುರೆ (ಯಾದಗಿರಿ)

ಪನೀರ್ ಮಾಡಬಹುದು

ಕಾಗಿಣಾ ದಂಡಿ (ಸೇಡಂ)

🙏 ನಿಮಗ ನೃಪತುಂಗನೇ ಉತ್ತರ ಕೊಡಬೇಕು

ಅಕ್ಕನ ಒಲಿ (ಹುಮನಾಬಾದ)

ಉಳಿ ಸುತ್ತಿಗಿ ಅಣ್ಣ ನೌಸಾದರ ಅಂದ್ರಲ್ಲ, ಅದು ಕಲಾಯಿ ಮಾಡೋರು ಹಾಕೋದೇ ಅಲ್ಲಾ? ನಾವು ಸಣ್ಣವರಿದ್ದಾಗ ಓಣ್ಯಾಗ ತಿದಿ ಹೂಡಿ ಕುಂದ್ರತಿದ್ದ. ಕಾದ ಹಿತ್ತಾಳಿ ಗುಂಡಿ ಒಳಗ ಬಿಳಿ ಪುಡಿ ಒಗದ್ರ ಭುಸ್ ಅಂತ ಬೆಳ್ಳಗ ಹೊಗಿ, ಮೂಗು ಕಟ್ತಿತ್ತು, ಆಮ್ಯಾಲ ತವರ ಹಚ್ಚಿ ಅರಳಿಲಿಂದ ಒಂದು ಸಲ ತಿರುವಿದ್ರ ಒಳಗ ಬೆಳದಿಂಗಳ ಬಿದ್ದಂಗ. ಕಲಾಯಿ ಹೋದ್ರ ಕಿಲುಬು ಏರ್ತದ ಅಂತ ವರ್ಷಕ್ಕೊಮ್ಮೆ ಮಾಡಿಸ್ತಿದ್ರು. ಅವನೂ ಇಲ್ಲ ಈಗ, ಗುಂಡಿಗಳೂ ಇಲ್ಲ, ಎಲ್ಲಾ ಸ್ಟೀಲ್.

ಉಳಿ ಸುತ್ತಿಗಿ (ಬೀದರ)

ಅದೇ ಅಕ್ಕೋರೆ, ಅದೇ ನೌಸಾದರ, ಕನ್ನಡದಾಗ ನವಸಾಗರ ಅಂತಾರ. ಅವರ ಕೈಯಾಗ ಗುಂಡಿ ಬೆಳ್ಳಗ ಮಾಡ್ಲಿಕ್ಕ ಬರ್ತದ, ನಮ್ಮ ಕೈಯಾಗ ಹೂಜಿ ಕರ್ರಗ ಮಾಡ್ಲಿಕ್ಕ.

ಕೆಮಿಸ್ಟ್ರಿ ಪಿರಿಯಡ್ (ಕಲಬುರಗಿ)

ಅಮೋನಿಯಂ ಕ್ಲೋರೈಡ್. ಕಲಾಯಿ ಒಳಗ ಅದು ತಾಮ್ರದ ಮ್ಯಾಲಿನ ಆಕ್ಸೈಡ್ ತಿಂದು ಮೈ ಸ್ವಚ್ಛ ಮಾಡ್ತದ, ತವರ ಹಿಡೀಲಿ ಅಂತ. ಬಿದರಿ ಒಳಗ ಮಣ್ಣಿನ ಜೋಡಿ ಸೇರಿ ಸತು-ತಾಮ್ರದ ಮ್ಯಾಲ ಕಪ್ಪು ಪದರ ಕೂಡಿಸ್ತದ, ಬೆಳ್ಳಿನ ಮುಟ್ಟಂಗಿಲ್ಲ. ನಾಳೆ ಕ್ಲಾಸಿನ್ಯಾಗ ಇದನ್ನೇ ಹೇಳ್ತೀನಿ, ಈ ಪಾಠ ಪುಸ್ತಕದಾಗ ಹಿಂಗ ಇಲ್ಲ.

ಚೌಬಾರಾ ಹುಡುಗ (ಬೀದರ)

ಎಲ್ಲರಿಗೂ ಭಾಳ ಥ್ಯಾಂಕ್ಸ್. ಭಾವನ ಜೋಡಿ ರಾತ್ರಿ ಹತ್ತರ ತನಕ ಜಗಳ ಆಡಿ ಹಿಂಗ ಬರದೀವಿ, ನೋಡಿ ಹೇಳ್ರಿ:

‘ಇದರ ಕಪ್ಪು ಬೀದರ ಕೋಟೆಯ ಮಣ್ಣಿನಿಂದ ಬಂದದ್ದು, ಅದನ್ನು ತಿಕ್ಕಿ ತೆಗೆಯಬೇಡಿ. ಬೆಳ್ಳಿ ಮಬ್ಬಾದರೆ ಮೆತ್ತನೆಯ ಬಟ್ಟೆಯಿಂದ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸಾಕು. ಹುಣಸೆಹಣ್ಣು, ಬೂದಿ ಬೇಡವೇ ಬೇಡ.’

ಟಾರ್ನಿಶ್ ಅನ್ನೋದನ್ನ ಇಂಗ್ಲಿಷ್ ಕಡಿಂದೂ ತೆಗಸೀವಿ.

ಕಾಗಿಣಾ ದಂಡಿ (ಸೇಡಂ)

ಛಲೋ ಅದ. ‘ಬೇಡವೇ ಬೇಡ’ ಅಕ್ಕನ ಅತ್ತಿಗೇ ಬರದಂಗ ಅದ.

ಅಕ್ಕನ ಒಲಿ (ಹುಮನಾಬಾದ)

ಅತ್ತಿಗಿ ಓದ್ಲಿಕ್ಕ ಬರ್ತದ, ಕೇಳ್ಲಿಕ್ಕ ಬರಂಗಿಲ್ಲ. ಮುಂದಿನ ಐತವಾರ ಹೂದಾನಿ ತಗೊಂಡು ಬೀದರಕ್ಕ ಬರ್ಲತ್ತೀನಿ ಅಣ್ಣಾ.

ತೊಗರಿ ಬ್ಯಾಳಿ (ಕಲಬುರಗಿ)

ಹಳೇ 500 ಚೀಟಿ ಏನ್ ಮಾಡಿದ್ರಿ?

ಚೌಬಾರಾ ಹುಡುಗ (ಬೀದರ)

ಬಾಜು ಚಾ ಅಂಗಡಿಯವ ಒಯ್ದ, ಭಜಿ ಕಟ್ಟಿ ಕೊಡ್ಲಿಕ್ಕ. ನಮ್ಮ ಓಣ್ಯಾಗ ಈಗ ಕಳಂಕಗೊಳ್ಳದ ಭಜಿ ಸಿಗ್ತದ, ಬರ್ರಿ.

ಬಿಸಿಲುಗುದುರೆ (ಯಾದಗಿರಿ)

ಪ್ಲೇಟಿಗೆ ಎಷ್ಟು? ಬಟ್ಟಾ ಮುರಕೊಂಡು ಹೇಳ್ರಿ